ಗೋಲಿಯ ಹಾದಿಯಲ್ಲಿ ಕಾರ್ಖಾನೆಯ ಪಾಠ

ಎಂಜಿನಿಯರಿಂಗ್ ಪದವಿ ಮುಗಿಸಿ ಕೆಲಸಕ್ಕೆ ಸೇರುವ ಯುವಕ ಯುವತಿಯರಿಗೆ ಸೂತ್ರಗಳು ತಿಳಿದಿವೆ; ಆದರೆ ನಾಲ್ಕು ಜನರೊಡನೆ ಸೇರಿ ಒಂದು ಕೆಲಸವನ್ನು ಹೇಳಿದ ದಿನಕ್ಕೆ, ಹೇಳಿದ ಅಳತೆಗೆ ಮುಗಿಸಿಕೊಡುವುದು ತಿಳಿದಿಲ್ಲ ಎಂಬ ಮಾತು ಸಣ್ಣ ಕೈಗಾರಿಕೋದ್ಯಮಿಗಳ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ದೊಡ್ಡ ಕಂಪೆನಿಗಳು ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ ನೀಡಬಲ್ಲವು. ಹದಿನೈದು ಇಪ್ಪತ್ತು ಕೆಲಸಗಾರರಿರುವ ಘಟಕದ ಮಾಲೀಕರಿಗೆ ಆ ಅನುಕೂಲವಿಲ್ಲ. ಹೊಸ ಎಂಜಿನಿಯರ್ ಕೆಲಸ ಕಲಿಯುವ ಅವಧಿಯಲ್ಲಿ ಕೆಟ್ಟುಹೋಗುವ ಮಾಲು, ತಪ್ಪುವ ಡೆಲಿವರಿ, ಕೈಬಿಟ್ಟು ಹೋಗುವ ಗ್ರಾಹಕ, ಇವೆಲ್ಲದರ ಹೊರೆಯೂ ಅವರ ಮೇಲೆಯೇ ಬೀಳುತ್ತದೆ.

ಈ ಕೊರತೆಯನ್ನು ಕಾಲೇಜಿನಲ್ಲಿಯೇ, ಅತ್ಯಲ್ಪ ಖರ್ಚಿನಲ್ಲಿ ತುಂಬಿಕೊಡಬಲ್ಲ ಅಭ್ಯಾಸವೊಂದಿದೆ. ನೋಡುವುದಕ್ಕೆ ಅದು ಮಕ್ಕಳ ಆಟಿಕೆ. ಎತ್ತರದಿಂದ ಬಿಟ್ಟ ಗೋಲಿಯೊಂದು ಉರುಳುತ್ತಾ ಕೆಳಗೆ ಬಂದು ಸೇರುವ ಹಾದಿಯನ್ನು ವಿದ್ಯಾರ್ಥಿಗಳ ತಂಡವೊಂದು ಕಟ್ಟುವುದೇ ಆ ಅಭ್ಯಾಸ. ಇದರಲ್ಲಿ ಕಾರ್ಖಾನೆಯ ಮುಖ್ಯ ಪಾಠಗಳು ಹೇಗೆ ಅಡಗಿವೆ, ಉದ್ಯಮಿಗಳು ಇದರಲ್ಲಿ ಯಾವ ಪಾತ್ರ ವಹಿಸಬಹುದು ಎಂಬುದನ್ನು ಪರಿಶೀಲಿಸುವುದು ಉಪಯುಕ್ತ.

ಏನಿದು ಗೋಲಿಹಾದಿ?

ಇಂಗ್ಲಿಷಿನಲ್ಲಿ ಮಾರ್ಬಲ್ ರನ್ ಎಂದು ಕರೆಯಲಾಗುವ ಈ ರಚನೆಯನ್ನು ಕನ್ನಡದಲ್ಲಿ ಗೋಲಿಹಾದಿ ಎನ್ನಬಹುದು. ಮೇಲಿನಿಂದ ಬಿಟ್ಟ ಗೋಲಿಯು ಇಳಿಜಾರು, ತಿರುವು, ಸುರುಳಿ, ಆಲಿಕೆ, ತಕ್ಕಡಿ ಮುಂತಾದ ಅಂಗಗಳನ್ನು ದಾಟಿ, ನಡುವೆ ಯಾರ ಕೈಯೂ ತಾಗದಂತೆ ಕೆಳಗಿನ ಬಟ್ಟಲನ್ನು ಸೇರಬೇಕು. ನಾಲ್ಕೈದು ವಿದ್ಯಾರ್ಥಿಗಳ ತಂಡಕ್ಕೆ ಈ ಕೆಲಸ ಕೊಡುವಾಗ ಅಡಿಹಲಗೆಯ ಅಳತೆ, ಎತ್ತರ, ಖರ್ಚಿನ ಮಿತಿ ಮತ್ತು ಒಪ್ಪಿಸಬೇಕಾದ ದಿನಾಂಕವನ್ನು ಮೊದಲೇ ಗೊತ್ತುಪಡಿಸಲಾಗುತ್ತದೆ. ಗೋಲಿಯು ಇಂತಿಷ್ಟೇ ಸೆಕೆಂಡುಗಳಲ್ಲಿ ಕೆಳಗೆ ತಲುಪಬೇಕು ಎಂಬ ಷರತ್ತನ್ನೂ ಸೇರಿಸಬಹುದು. ಬೇಕಾಗುವ ಸಾಮಗ್ರಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ದೊರೆಯುತ್ತದೆ: ಪ್ಲೈವುಡ್ ತುಂಡು, ಉದ್ದಕ್ಕೆ ಸೀಳಿದ ಪಿವಿಸಿ ಪೈಪು, ವಿದ್ಯುತ್ ವೈರಿಂಗಿಗೆ ಬಳಸುವ ಕೇಸಿಂಗ್ ಪಟ್ಟಿ, ದಪ್ಪ ತಂತಿ, ತಿರುಪು, ಅಂಟು.

ಷರತ್ತು ಸರಳವೆಂದು ಕಂಡರೂ ಲೆಕ್ಕವಿಲ್ಲದೆ ಅದನ್ನು ಪೂರೈಸಲಾಗುವುದಿಲ್ಲ. ಇಳಿಜಾರಿನಲ್ಲಿ ಗುಂಡು ಉರುಳಿಸಿ ಚಲನೆಯ ನಿಯಮ ಕಂಡುಕೊಂಡ ಪ್ರಯೋಗವನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಕಾಲ ಇಮ್ಮಡಿಯಾದರೆ ಕ್ರಮಿಸಿದ ದೂರ ನಾಲ್ಮಡಿಯಾಗುತ್ತದೆ ಎಂಬುದು ಅದರ ಸಾರ. ಘನವಾದ ಗುಂಡು ಜಾರದೆ ಉರುಳುವಾಗ ಅದರ ಚಲನಶಕ್ತಿಯ ಏಳರಲ್ಲಿ ಎರಡು ಪಾಲು ಗುಂಡನ್ನು ತಿರುಗಿಸುವುದಕ್ಕೇ ವ್ಯಯವಾಗುತ್ತದೆ. ಮೀಟರಿಗೆ ಸುಮಾರು 8.7 ಸೆಂ.ಮೀ. ಇಳಿಯುವ, ಅಂದರೆ 5 ಡಿಗ್ರಿ ಇಳಿಜಾರಿನಲ್ಲಿ, ಘರ್ಷಣೆಯಿಂದಾಗುವ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ ಗೋಲಿ ಮೊದಲ ಮೀಟರನ್ನು 1.8 ಸೆಕೆಂಡಿನಲ್ಲಿ ಮುಗಿಸುತ್ತದೆ. ಮೂರು ಮೀಟರ್ ನೇರ ಹಾದಿಗೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಗೋಲಿ ಮೂವತ್ತು ಸೆಕೆಂಡು ಹಾದಿಯಲ್ಲಿರಬೇಕೆಂದರೆ ಉದ್ದವೊಂದೇ ಸಾಲದು. ಅಂಕುಡೊಂಕಿನ ಹಾದಿ, ಆಲಿಕೆ, ತಡೆಗಳ ಮೂಲಕ ವೇಗವನ್ನು ಮತ್ತೆ ಮತ್ತೆ ತಗ್ಗಿಸಬೇಕು.

ಗೋಲಿಯು ನಿಂತ ಚಕ್ರದ ಒಳಮೈಯಲ್ಲಿ ಪೂರ್ತಿ ಒಂದು ಸುತ್ತು ಬರಬೇಕೆಂದಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಚಕ್ರದ ತ್ರಿಜ್ಯ 10 ಸೆಂ.ಮೀ. ಇದ್ದಲ್ಲಿ, ಅದರ ತಳದಿಂದ ಕನಿಷ್ಠ 27 ಸೆಂ.ಮೀ. ಮೇಲಿನಿಂದ ಗೋಲಿಯನ್ನು ಬಿಡಬೇಕೆಂದು ಪುಸ್ತಕದ ಸೂತ್ರ ಹೇಳುತ್ತದೆ. ವಾಸ್ತವದಲ್ಲಿ ಅಷ್ಟು ಎತ್ತರ ಸಾಲುವುದಿಲ್ಲ. ಘರ್ಷಣೆಯ ಜೊತೆಗೆ ಇನ್ನೊಂದು ಕಾರಣವಿದೆ. ಗೋಲಿಯು ಎರಡು ತಂತಿಗಳ ನಡುವೆ ತುಸು ಕುಸಿದು ಉರುಳುವಾಗ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ. ತಿರುಗುವುದಕ್ಕೆ ಹೋಗುವ ಶಕ್ತಿಯ ಪಾಲು ಏರಿ, ಮುಂದಕ್ಕೆ ಸಾಗುವ ವೇಗ ಕುಗ್ಗುತ್ತದೆ. ಕಾಗದದ ಮೇಲಿನ ಲೆಕ್ಕಕ್ಕೂ ಕೈಯಲ್ಲಿರುವ ವಸ್ತುವಿಗೂ ನಡುವಿನ ಈ ಅಂತರವನ್ನು ವಿದ್ಯಾರ್ಥಿ ತಾನೇ ಅಳೆದು ಕಂಡುಕೊಳ್ಳುವುದು ಮೊದಲನೆಯ ಲಾಭ.

ಕಚ್ಚಾಮಾಲಿನ ಪಾಠವೂ ಇಲ್ಲಿದೆ. ಸುಮಾರು 16 ಮಿ.ಮೀ. ವ್ಯಾಸದ ಗಾಜಿನ ಗೋಲಿ 5 ಗ್ರಾಂ ಆಸುಪಾಸು ತೂಗಿದರೆ, ಅದೇ ಗಾತ್ರದ ಉಕ್ಕಿನ ಗುಂಡು 16 ಗ್ರಾಂ ದಾಟುತ್ತದೆ. ಗಾಜಿನ ಗೋಲಿಗೆ ಹೊಂದಿಸಿದ ತಕ್ಕಡಿ ಉಕ್ಕಿನ ಗುಂಡಿಗೆ ಸರಿಹೊಂದದು. ಅಂಗಡಿಯಿಂದ ತಂದ ಒಂದು ಚೀಲ ಗೋಲಿಗಳನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದರೆ ಒಂದರಂತೆ ಇನ್ನೊಂದಿಲ್ಲವೆಂಬುದು ಕೂಡಲೇ ತಿಳಿಯುತ್ತದೆ. ಇದಕ್ಕೆ ಪ್ರತಿಯಾಗಿ, ಬೇರಿಂಗ್‌ಗಳಲ್ಲಿ ಬಳಸುವ ಜಿ100 ದರ್ಜೆಯ ಉಕ್ಕಿನ ಗುಂಡಿನ ದುಂಡುತನದಲ್ಲಿ 2.5 ಮೈಕ್ರಾನಿಗಿಂತ ಹೆಚ್ಚು ವ್ಯತ್ಯಾಸವನ್ನು ಅಂತರರಾಷ್ಟ್ರೀಯ ಪ್ರಮಾಣಕ ಒಪ್ಪುವುದಿಲ್ಲ. ಕಚ್ಚಾಮಾಲಿನ ಏರುಪೇರನ್ನು ವಿನ್ಯಾಸವೇ ತಾಳಿಕೊಳ್ಳಬೇಕೆ, ಇಲ್ಲವೆ ಹೆಚ್ಚು ಬೆಲೆ ಕೊಟ್ಟು ಒಂದೇ ಅಳತೆಯ ಮಾಲನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಪ್ರತಿಯೊಬ್ಬ ತಯಾರಕರಿಗೂ ಪರಿಚಿತವಾದದ್ದೇ.

ತೊಡಕು ಇರುವುದು ಕೂಡುಜಾಗದಲ್ಲಿ

ತಂಡಗಳು ಸಾಮಾನ್ಯವಾಗಿ ಕೆಲಸವನ್ನು ಹಂಚಿಕೊಳ್ಳುತ್ತವೆ. ಒಬ್ಬರು ಗೋಲಿ ಬಿಡುವ ಬಾಗಿಲು, ಇನ್ನೊಬ್ಬರು ಸುರುಳಿ, ಮತ್ತೊಬ್ಬರು ತಕ್ಕಡಿ, ಕೊನೆಯವರು ಬಟ್ಟಲಿನ ಭಾಗ. ಪ್ರತಿಯೊಂದು ಭಾಗವೂ ಅವರವರ ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತದೆ. ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಜೋಡಿಸಿದಾಗ ಗೋಲಿ ನಿಂತುಬಿಡುತ್ತದೆ. ನಿಲ್ಲುವ ಜಾಗ ಬಹುಮಟ್ಟಿಗೆ ಒಂದೇ: ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕೆಲಸ ಆರಂಭವಾಗುವ ಕೂಡುಜಾಗ.

ಮುಂದಿನ ಪಟ್ಟಿಯ ಅಂಚು ಹಿಂದಿನದಕ್ಕಿಂತ ಎರಡು ಮಿ.ಮೀ. ಎತ್ತರವಾದರೂ ನಿಧಾನವಾಗಿ ಬರುತ್ತಿರುವ ಗೋಲಿಗೆ ಅದು ಗೋಡೆಯಾಗುತ್ತದೆ. ಎರಡು ಮಿ.ಮೀ. ತಗ್ಗಾದರೆ ಯಾವ ತೊಂದರೆಯೂ ಇಲ್ಲ. ಆದುದರಿಂದ ಅನುಭವವಿರುವ ತಂಡಗಳು, ಮುಂದಿನ ಭಾಗ ಯಾವಾಗಲೂ ತುಸು ತಗ್ಗಿನಲ್ಲಿರಬೇಕು, ಅದರ ಬಾಯಿ ಆಲಿಕೆಯಂತೆ ಅಗಲವಾಗಿರಬೇಕು ಎಂಬ ನಿಯಮವನ್ನು ಆರಂಭದಲ್ಲಿಯೇ ಬರೆದಿಟ್ಟುಕೊಳ್ಳುತ್ತವೆ. ತಪ್ಪು ಆಗಿಯೇ ತೀರುತ್ತದೆ. ಆಗುವ ತಪ್ಪು ಹಾನಿಯಿಲ್ಲದ ದಿಕ್ಕಿನಲ್ಲಿ ಆಗುವಂತೆ ನೋಡಿಕೊಳ್ಳುವುದೇ ಇದರ ಹಿಂದಿರುವ ವಿವೇಕ.

ಅಳತೆಯ ಮೂಲವನ್ನು ಗೊತ್ತುಮಾಡುವುದು ಇನ್ನೊಂದು ವಿಷಯ. ಪ್ರತಿಯೊಂದು ಭಾಗದ ಎತ್ತರವನ್ನು ಅದರ ಹಿಂದಿನ ಭಾಗದಿಂದ ಅಳೆಯುತ್ತಾ ಹೋದರೆ, ಒಂದೊಂದರಲ್ಲಿ ಒಂದು ಮಿ.ಮೀ. ತಪ್ಪಿದರೂ ಐದನೆಯ ಭಾಗಕ್ಕೆ ಬರುವಷ್ಟರಲ್ಲಿ ಅದು ಐದು ಮಿ.ಮೀ. ಆಗಬಹುದು. ಎಲ್ಲ ಭಾಗಗಳನ್ನೂ ಅಡಿಹಲಗೆಯಿಂದಲೇ ಅಳೆದರೆ ಯಾವ ಭಾಗದಲ್ಲಿಯೂ ತಪ್ಪು ಒಂದು ಮಿ.ಮೀ. ಮೀರುವುದಿಲ್ಲ. ಟೂಲ್ ರೂಮಿನ ಹಿರಿಯ ಕೆಲಸಗಾರರಿಗೆ ಇದು ಹೊಸ ಮಾತಲ್ಲ. ಡ್ರಾಯಿಂಗ್ ಓದಲು ಬಲ್ಲ ಪದವೀಧರರಿಗೆ ಇದು ಹೊಳೆಯದಿರಲು ಕಾರಣ ಬುದ್ಧಿಯ ಕೊರತೆಯಲ್ಲ. ಇಬ್ಬರು ಮಾಡಿದ ಎರಡು ಭಾಗಗಳನ್ನು ತಮ್ಮ ಕೈಯಿಂದಲೇ ಜೋಡಿಸಿ ನೋಡುವ ಸಂದರ್ಭ ಅವರಿಗೆ ಒದಗಿಬಂದಿರುವುದಿಲ್ಲ.

ಮಾರುಕಟ್ಟೆಯಲ್ಲಿ ಸಿದ್ಧ ಗೋಲಿಹಾದಿಯ ಪೆಟ್ಟಿಗೆಗಳು ದೊರೆಯುತ್ತವೆ. ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪೆನಿ 2017ರಲ್ಲಿ ಹೊರತಂದ ಗ್ರಾವಿಟ್ರಾಕ್ಸ್ ಅಂಥದ್ದೊಂದು. ಮಕ್ಕಳ ಕಲಿಕೆಗೆ ಅವು ಉತ್ತಮ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮಾತ್ರ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವುಗಳ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುವಂತೆ ಮಾಡುವ ಕಷ್ಟದ ಕೆಲಸವನ್ನು ತಯಾರಕರು ತಮ್ಮ ಅಚ್ಚಿನಲ್ಲಿಯೇ ಮುಗಿಸಿರುತ್ತಾರೆ. ವಿದ್ಯಾರ್ಥಿ ಕಲಿಯಬೇಕಾದದ್ದು ಆ ಕೆಲಸವನ್ನೇ.

ಸರಪಳಿಯ ಲೆಕ್ಕ

ಗೋಲಿಹಾದಿಯಿಂದ ದೊರೆಯುವ ಅತ್ಯಂತ ಬೆಲೆಯುಳ್ಳ ಪಾಠ ಒಂದು ಗುಣಾಕಾರದಲ್ಲಿದೆ. ಹಾದಿಯಲ್ಲಿ 20 ಹಂತಗಳಿವೆ, ಪ್ರತಿಯೊಂದು ಹಂತವೂ ನೂರಕ್ಕೆ 95 ಬಾರಿ ಸರಿಯಾಗಿ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ನೂರಕ್ಕೆ 95 ಎಂದರೆ ಪರೀಕ್ಷೆಯಲ್ಲಿ ಅತ್ಯುನ್ನತ ದರ್ಜೆ. ಆದರೆ ಗೋಲಿ ಮೇಲಿನಿಂದ ಕೆಳಗಿನವರೆಗೆ ನಿಲ್ಲದೆ ತಲುಪುವುದು ನೂರಕ್ಕೆ 36 ಬಾರಿ ಮಾತ್ರ. ಇಪ್ಪತ್ತು ಹಂತಗಳಲ್ಲಿಯೂ 0.95ನ್ನು ಗುಣಿಸುತ್ತಾ ಹೋದರೆ ಬರುವ ಉತ್ತರ ಅದು. ಪ್ರತಿ ಹಂತವನ್ನು ನೂರಕ್ಕೆ 99ಕ್ಕೆ ಏರಿಸಿದರೆ ಒಟ್ಟು ಯಶಸ್ಸು 82ಕ್ಕೆ ಏರುತ್ತದೆ. ಹತ್ತೊಂಬತ್ತು ಹಂತಗಳು 99ರಲ್ಲಿದ್ದು ಒಂದೇ ಒಂದು ಹಂತ 70ರಲ್ಲಿದ್ದರೆ ಒಟ್ಟು ಫಲ 58ಕ್ಕೆ ಕುಸಿಯುತ್ತದೆ.

ಒಂದರ ಹಿಂದೆ ಒಂದರಂತೆ ಕೆಲಸ ಮಾಡುವ ಅಂಗಗಳ ಒಟ್ಟು ನಂಬಿಕೆಯು ಬಿಡಿ ಅಂಗಗಳ ನಂಬಿಕೆಗಳ ಗುಣಲಬ್ಧ ಎಂಬ ಈ ತತ್ತ್ವವನ್ನು ಜರ್ಮನ್ ಎಂಜಿನಿಯರ್ ರಾಬರ್ಟ್ ಲುಸ್ಸರ್ ಹೆಸರಿನಲ್ಲಿ ಲುಸ್ಸರ್ ನಿಯಮವೆಂದು ಕರೆಯುತ್ತಾರೆ. ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟು ಎಂಬ ವಾಡಿಕೆಯ ಮಾತು ಇಲ್ಲಿ ಸಾಲದು. ಗಟ್ಟಿಯೆಂದು ಕಾಣುವ ಕೊಂಡಿಗಳೆಲ್ಲ ಸೇರಿಯೂ ದುರ್ಬಲ ಸರಪಳಿಯಾಗಬಲ್ಲವು. ಕತ್ತರಿಸುವುದು, ರಂಧ್ರ ಕೊರೆಯುವುದು, ಬೆಸೆಯುವುದು, ಲೇಪನ, ಪ್ಯಾಕಿಂಗ್ ಎಂದು ಹತ್ತು ಹನ್ನೆರಡು ಹಂತಗಳಲ್ಲಿ ಮಾಲು ತಯಾರಿಸುವ ಪ್ರತಿಯೊಂದು ಘಟಕಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಪ್ರತಿ ವಿಭಾಗದ ಮೇಲ್ವಿಚಾರಕನೂ ತನ್ನಲ್ಲಿ ರಿಜೆಕ್ಷನ್ ಅತ್ಯಲ್ಪವೆಂದು ಹೇಳುತ್ತಿದ್ದರೂ ತಿಂಗಳ ಕೊನೆಯಲ್ಲಿ ಒಳ್ಳೆಯ ಮಾಲಿನ ಎಣಿಕೆ ಏಕೆ ಕಡಿಮೆಯಾಗುತ್ತದೆ ಎಂಬ ಒಗಟಿಗೆ ಉತ್ತರವೂ ಇದರಲ್ಲಿಯೇ ಇದೆ.

ಅಮೆರಿಕದ ಅನುಭವ

ಇಂತಹ ಕೆಲಸವನ್ನು ವಿದ್ಯಾರ್ಥಿ ತಂಡಗಳ ಸ್ಪರ್ಧೆಯಾಗಿ ಬೆಳೆಸಿದ ಕೀರ್ತಿ ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ. ಅಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎರಡು ಸಂಘಗಳ ನಡುವೆ 1949ರಲ್ಲಿ ಆರಂಭವಾದ ರೂಬ್ ಗೋಲ್ಡ್‌ಬರ್ಗ್ ಯಂತ್ರ ಸ್ಪರ್ಧೆ 1955ರವರೆಗೆ ನಡೆದು ನಿಂತಿತು. 1983ರಲ್ಲಿ ಪುನರಾರಂಭಗೊಂಡು 1988ರಲ್ಲಿ ರಾಷ್ಟ್ರಮಟ್ಟಕ್ಕೇರಿತು. ಸ್ಪರ್ಧೆಗೆ ಹೆಸರು ಕೊಟ್ಟ ರೂಬ್ ಗೋಲ್ಡ್‌ಬರ್ಗ್ ಸ್ವತಃ ಎಂಜಿನಿಯರಿಂಗ್ ಓದಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಅಲ್ಪಕಾಲ ದುಡಿದು, ಬಳಿಕ ವ್ಯಂಗ್ಯಚಿತ್ರಕಾರರಾದವರು. ಸುಲಭದ ಕೆಲಸವನ್ನು ಅತಿ ಸುತ್ತುಬಳಸಿನಿಂದ ಮಾಡುವ ಯಂತ್ರಗಳ ಚಿತ್ರಗಳಿಂದ ಅವರು ಪ್ರಸಿದ್ಧರಾದರು.

ಈ ಸ್ಪರ್ಧೆಯ ಯಂತ್ರಗಳು ಗೋಲಿಹಾದಿಯ ದೊಡ್ಡ ರೂಪ. ಉರುಳುವ ಗುಂಡಿನ ಜೊತೆಗೆ ಸನ್ನೆಕೋಲು, ರಾಟೆ, ಸ್ಪ್ರಿಂಗುಗಳೂ ಸೇರಿಕೊಳ್ಳುತ್ತವೆ. ಮೊಳೆ ಹೊಡೆಯುವುದು, ಜಿಪ್ ಎಳೆಯುವುದು ಮುಂತಾದ ಚಿಕ್ಕ ಕೆಲಸವನ್ನು ಕನಿಷ್ಠ 20 ಹಂತಗಳಲ್ಲಿ ಮಾಡಬೇಕೆಂಬುದು ಅಲ್ಲಿ ಬಹುಕಾಲ ಜಾರಿಯಲ್ಲಿದ್ದ ನಿಯಮ. ಯಂತ್ರ ನಡುವೆ ನಿಂತು, ವಿದ್ಯಾರ್ಥಿಯೊಬ್ಬ ಕೈಹಾಕಿ ಮುಂದೂಡಿದರೆ ಅಂಕಗಳು ಕಡಿತವಾಗುತ್ತವೆ. 2012ರಲ್ಲಿ ಪರ್ಡ್ಯೂ ವಿದ್ಯಾರ್ಥಿಗಳ ತಂಡವೊಂದು ಬೆಲೂನನ್ನು ಊದಿ ಒಡೆಯುವ ಕೆಲಸವನ್ನು 300 ಹಂತಗಳಲ್ಲಿ ಮಾಡಿ ದಾಖಲೆ ಸ್ಥಾಪಿಸಿತು. ಮೇಲಿನ ಲೆಕ್ಕವನ್ನು ಇದಕ್ಕೆ ಅನ್ವಯಿಸಿದರೆ ಸಾಧನೆಯ ತೂಕ ತಿಳಿಯುತ್ತದೆ. ಪ್ರತಿ ಹಂತ ನೂರಕ್ಕೆ 99 ಬಾರಿ ಯಶಸ್ವಿಯಾದರೂ 300 ಹಂತಗಳ ಯಂತ್ರ ಪೂರ್ತಿಯಾಗಿ ಓಡುವುದು ನೂರಕ್ಕೆ ಐದು ಬಾರಿ ಮಾತ್ರ. ಸಾವಿರಕ್ಕೆ 999 ಬಾರಿ ಯಶಸ್ವಿಯಾದಲ್ಲಿ ಅದು 74ಕ್ಕೆ ಏರುತ್ತದೆ.

ಒಮ್ಮೆ ಓಡುವುದು, ದಿನವೂ ಓಡುವುದು

ಪ್ರದರ್ಶನದ ದಿನ ಒಮ್ಮೆ ಓಡುವ ಯಂತ್ರಕ್ಕೂ ಪ್ರತಿದಿನ ಓಡುವ ಯಂತ್ರಕ್ಕೂ ಬಹಳ ಅಂತರವಿದೆ. ಅಮೆರಿಕದ ಶಿಲ್ಪಿ ಜಾರ್ಜ್ ರೋಡ್ಸ್ (1926-2021) ಉರುಳುಗುಂಡಿನ ಶಿಲ್ಪಗಳ ತಯಾರಿಕೆಯನ್ನೇ ವೃತ್ತಿಯಾಗಿಸಿಕೊಂಡವರು. ನ್ಯೂಯಾರ್ಕಿನ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ 1983ರಲ್ಲಿ ಸ್ಥಾಪಿಸಿದ ಅವರ ಕೃತಿಯಲ್ಲಿ ಗುಂಡುಗಳು ಹಾದಿಗುಂಟ ಉರುಳಿ, ಮತ್ತೆ ಮೇಲೇರಿ ಇಳಿಯುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಗುಂಡುಗಳನ್ನು ವರ್ಷಗಟ್ಟಲೆ ಓಡಿಸಬೇಕಾದರೆ ಸವೆತ, ಧೂಳು, ದುರಸ್ತಿ ಎಲ್ಲವನ್ನೂ ವಿನ್ಯಾಸದ ಹಂತದಲ್ಲಿಯೇ ಯೋಚಿಸಬೇಕು.

ಸ್ವೀಡನ್ನಿನ ಸಂಗೀತಗಾರ ಮಾರ್ಟಿನ್ ಮೊಲಿನ್ ಅವರ ಉದಾಹರಣೆ ಇನ್ನೊಂದು ಬಗೆಯದು. ಸುಮಾರು 2,000 ಉಕ್ಕಿನ ಗುಂಡುಗಳು ವಾದ್ಯಗಳ ಮೇಲೆ ಬಿದ್ದು ಸಂಗೀತ ನುಡಿಸುವ, ಕೈಯಿಂದ ತಿರುಗಿಸುವ ಯಂತ್ರವನ್ನು ಅವರು ನಿರ್ಮಿಸಿದರು. 2016ರಲ್ಲಿ ಬಿಡುಗಡೆಯಾದ ಅದರ ದೃಶ್ಯಚಿತ್ರ ಜಗತ್ತಿನಾದ್ಯಂತ ಜನಪ್ರಿಯವಾಯಿತು. ಊರೂರಿಗೆ ಕೊಂಡೊಯ್ದು ವೇದಿಕೆಯ ಮೇಲೆ ನುಡಿಸಬಲ್ಲ ಎರಡನೆಯ ಯಂತ್ರಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದ ಅವರು, 2021ರಲ್ಲಿ ಆ ವಿನ್ಯಾಸವನ್ನು ಕೈಬಿಟ್ಟು ಹೊಸದಾಗಿ ಆರಂಭಿಸಲು ನಿರ್ಧರಿಸಿದರು. ಒಂದು ಚಿತ್ರೀಕರಣಕ್ಕೆ ಸಾಲುವ ಯಂತ್ರ ಒಂದು ಪ್ರವಾಸಕ್ಕೆ ಸಾಲದು. ಮಾದರಿ ಮಾಲು ಒಪ್ಪಿತವಾದ ಸಂತೋಷದಲ್ಲಿ ಹತ್ತು ಸಾವಿರ ಮಾಲಿನ ಆರ್ಡರಿಗೆ ಸಹಿ ಹಾಕುವ ಉದ್ಯಮಿಗೆ ಇದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇಕಿಲ್ಲ.

ಎಷ್ಟು ಬಾರಿ ಓಡಿಸಿ ನೋಡಿದರೆ ನಂಬಬಹುದು ಎಂಬುದಕ್ಕೂ ಲೆಕ್ಕವಿದೆ. ನೂರಕ್ಕೆ 90 ಬಾರಿ ಮಾತ್ರ ಓಡುವ ಯಂತ್ರವೂ ಸತತ ಹತ್ತು ಬಾರಿ ಸರಿಯಾಗಿ ಓಡುವ ಸಾಧ್ಯತೆ ನೂರಕ್ಕೆ 35ರಷ್ಟಿದೆ. ಹತ್ತು ಓಟಗಳ ಯಶಸ್ಸು ಏನನ್ನೂ ಸಾಬೀತುಪಡಿಸುವುದಿಲ್ಲ. ಅಂತಹ ಯಂತ್ರ ಸತತ 30 ಬಾರಿ ತಪ್ಪದೆ ಓಡುವ ಸಾಧ್ಯತೆ ಮಾತ್ರ ನೂರಕ್ಕೆ ಸುಮಾರು ನಾಲ್ಕು. ಆದುದರಿಂದ ಸತತ 30 ಓಟಗಳನ್ನು ಮುಗಿಸಿದ ತಂಡ ತನ್ನ ಹಾದಿ ನೂರಕ್ಕೆ 90ಕ್ಕಿಂತ ಮೇಲಿದೆಯೆಂದು ಧೈರ್ಯವಾಗಿ ಹೇಳಬಹುದು.

ಕಾರ್ಖಾನೆಯೊಳಗಿನ ಗೋಲಿಹಾದಿ

ಇದೆಲ್ಲ ಆಟದ ಮಾತೆಂದು ತಳ್ಳಿಹಾಕುವಂತಿಲ್ಲ. ಬೋಲ್ಟು, ವಾಷರ್, ಬಾಟಲಿ ಮುಚ್ಚಳ, ಮಾತ್ರೆ ಮುಂತಾದವನ್ನು ಯಂತ್ರದ ಬಾಯಿಗೆ ಒಂದೊಂದಾಗಿ ತಲುಪಿಸುವ ಇಳಿಜಾರು ಗಾಡಿಗಳು ಅನೇಕ ಘಟಕಗಳಲ್ಲಿವೆ. ಅವು ಗೋಲಿಹಾದಿಗಳೇ. ವಸ್ತು ಅಡ್ಡವಾಗಿ ಸಿಕ್ಕಿಕೊಳ್ಳುವುದು, ಎರಡು ಒಟ್ಟಿಗೆ ನುಗ್ಗುವುದು, ತಿರುವಿನಲ್ಲಿ ಹೊರಕ್ಕೆ ಹಾರುವುದು ಮುಂತಾದ ದೋಷಗಳು ಎರಡಕ್ಕೂ ಸಮಾನ. ಬೇರಿಂಗ್ ಗುಂಡುಗಳನ್ನು ಗಾತ್ರಕ್ಕನುಸಾರ ಬೇರ್ಪಡಿಸುವ ಒಂದು ವಿಧಾನದಲ್ಲಿ, ಕ್ರಮೇಣ ಅಗಲವಾಗುತ್ತಾ ಹೋಗುವ ಎರಡು ಹಳಿಗಳ ನಡುವೆ ಅವುಗಳನ್ನು ಉರುಳಿಸುತ್ತಾರೆ. ಚಿಕ್ಕವು ಮೊದಲು ಬೀಳುತ್ತವೆ, ದೊಡ್ಡವು ಮುಂದೆ ಸಾಗಿ ಬೀಳುತ್ತವೆ. ಕಾಲೇಜಿನಲ್ಲಿ ಇಂತಹ ಹಾದಿ ಕಟ್ಟಿ, ಕೆಟ್ಟಾಗ ಕಾರಣ ಹುಡುಕಿ, ಸರಿಪಡಿಸಿದ ವಿದ್ಯಾರ್ಥಿಗೆ ಕಾರ್ಖಾನೆಯ ಇಂತಹ ತೊಡಕುಗಳು ಅಪರಿಚಿತವೆನಿಸುವುದಿಲ್ಲ.

ಉದ್ಯಮಿಗಳು ಮಾಡಬಹುದಾದದ್ದು

ಭಾರತವು 2014ರಲ್ಲಿ ಎಂಜಿನಿಯರಿಂಗ್ ಶಿಕ್ಷಣದ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನದಂಡಗಳಲ್ಲಿ ತಂಡಕಾರ್ಯ, ಸಂವಹನ, ಯೋಜನಾ ನಿರ್ವಹಣೆ ಮತ್ತು ಹಣಕಾಸಿನ ಅರಿವು ಸೇರಿವೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿಯುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾವೀನ್ಯ ಮತ್ತು ವಿನ್ಯಾಸ ಚಿಂತನೆಯ ವಿಷಯವನ್ನು ಸೇರಿಸಿತು. ಆದುದರಿಂದ ಇಂತಹ ಕೆಲಸಕ್ಕೆ ಪಠ್ಯದಲ್ಲಿ ಜಾಗವಿದೆ. ಇಲ್ಲದಿರುವುದು ಶಾಪ್ ಫ್ಲೋರಿನ ಅನುಭವ. ಅದು ಪೀಣ್ಯದ, ಬೆಳಗಾವಿಯ, ಹುಬ್ಬಳ್ಳಿಯ ಘಟಕಗಳಲ್ಲಿ ಧಾರಾಳವಾಗಿದೆ.

ಮೊದಲನೆಯದಾಗಿ, ಘಟಕದಲ್ಲಿ ಉಳಿಯುವ ಪಟ್ಟಿ, ಪೈಪು, ಶೀಟಿನ ತುಂಡುಗಳನ್ನು ಗುಜರಿಗೆ ಹಾಕುವ ಮುನ್ನ ಒಂದು ಪಾಲನ್ನು ಹತ್ತಿರದ ಕಾಲೇಜಿಗೆ ಕೊಡಬಹುದು. ಎರಡನೆಯದಾಗಿ, ಅನುಭವಿ ಫೋರ್‌ಮನ್ ಒಬ್ಬರನ್ನು ವಿನ್ಯಾಸ ಪರಿಶೀಲನೆಯ ದಿನ ಅರ್ಧ ದಿನದ ಮಟ್ಟಿಗೆ ಕಳುಹಿಸಬಹುದು. ಎಲ್ಲಿಂದ ಅಳೆದಿದ್ದೀರಿ, ಈ ಕೂಡುಜಾಗಕ್ಕೆ ಯಾರು ಹೊಣೆ ಎಂಬ ಎರಡು ಪ್ರಶ್ನೆಗಳನ್ನು ಅವರು ಕೇಳಿದರೆ ಸಾಕು. ಮೂರನೆಯದಾಗಿ, ತೀರ್ಪುಗಾರರಾಗಿ ಆಹ್ವಾನ ಬಂದಾಗ ಬಣ್ಣ, ಅಲಂಕಾರಗಳಿಗೆ ಅಂಕ ಕೊಡದೆ ಸತತ ಓಟಗಳಿಗೆ, ಖರ್ಚಿನ ಲೆಕ್ಕಕ್ಕೆ ಮತ್ತು ದಿನಾಂಕ ಪಾಲನೆಗೆ ಅಂಕ ಕೊಡುವಂತೆ ಒತ್ತಾಯಿಸಬಹುದು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ ಮತ್ತು ನೇರ ಲಾಭದ್ದು. ಸಂದರ್ಶನಕ್ಕೆ ಬಂದ ಅಭ್ಯರ್ಥಿಗೆ, ತಂಡದಲ್ಲಿ ಮಾಡಿದ ಕೆಲಸ ಎಲ್ಲಿ ನಿಂತುಹೋಯಿತು, ಕಾರಣವನ್ನು ಹೇಗೆ ಕಂಡುಹಿಡಿದಿರಿ, ನಿಮ್ಮ ಭಾಗದ ತಪ್ಪು ಯಾವುದು, ಇನ್ನೊಬ್ಬರ ಭಾಗಕ್ಕೆ ಹೊಂದಿಕೊಳ್ಳಲು ಏನನ್ನು ಬದಲಿಸಿದಿರಿ ಎಂದು ಕೇಳಬಹುದು. ಯಂತ್ರ ಚೆನ್ನಾಗಿ ಓಡಿತೆಂದಷ್ಟೇ ಹೇಳುವವರು ಬಹುಶಃ ಪಕ್ಕದಲ್ಲಿ ನಿಂತು ನೋಡಿದವರು. ಮೂರನೆಯ ತಿರುವಿನಲ್ಲಿ ಗೋಲಿ ಏಕೆ ಹಾರುತ್ತಿತ್ತು, ಅದನ್ನು ತಡೆಯಲು ಹೊರ ಅಂಚನ್ನು ಎಷ್ಟು ಎತ್ತರಿಸಲಾಯಿತು, ಆಮೇಲೆ ಎಷ್ಟು ಬಾರಿ ಓಡಿಸಿ ಪರೀಕ್ಷಿಸಲಾಯಿತು ಎಂದು ವಿವರಿಸುವವರು ಕೆಲಸ ಮಾಡಿದವರು. ಅಂಕಪಟ್ಟಿ ಹೇಳದ ಈ ವ್ಯತ್ಯಾಸವನ್ನು ಹತ್ತು ನಿಮಿಷದ ಮಾತು ಹೇಳುತ್ತದೆ.

ಕಾಲೇಜುಗಳು ಸಿದ್ಧ ಎಂಜಿನಿಯರುಗಳನ್ನು ಕಳುಹಿಸಲೆಂದು ಕಾಯುತ್ತಾ ಕುಳಿತರೆ ಉದ್ಯಮದ ಅಗತ್ಯ ಈಡೇರದು. ಒಂದು ಹಲಗೆ, ಒಂದಿಷ್ಟು ಪಟ್ಟಿ, ಒಂದು ಗೋಲಿ ಮತ್ತು ಅನುಭವಸ್ಥರೊಬ್ಬರ ಅರ್ಧ ದಿನ, ಇಷ್ಟನ್ನು ಒದಗಿಸುವುದು ಯಾವ ಸಣ್ಣ ಘಟಕಕ್ಕೂ ಭಾರವಲ್ಲ. ಹೊಸ ಎಂಜಿನಿಯರ್ ಕಲಿಯುವಾಗ ಕೆಡುವ ಮಾಲಿನ ಬೆಲೆಗೆ ಹೋಲಿಸಿದರೆ ಅದು ಬಹಳ ಅಗ್ಗ.